ಅಣ್ಣಾ ಅಂದರೆ ಸಾಲದು, ಪಹಣಿ ತೋರಿಸಿ

ನಮ್ಮೂರ ಜಾತ್ರೆಯ ಬ್ಯಾನರ್ ನೋಡಿ. ಮೊದಲೆಲ್ಲ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿಯವರ ಫೋಟೊ ಇರುತ್ತಿತ್ತು. ಈಗ ಅರ್ಧ ಬ್ಯಾನರ್ ಲೇಔಟ್ ಮಾಡುವವರದ್ದು. ಕ್ರಿಕೆಟ್ ಟೂರ್ನಿಯ ಟೀ ಶರ್ಟ್ ಅವರದ್ದು, ಗಣಪತಿ ಪೆಂಡಾಲಿನ ಖರ್ಚೂ ಅವರದ್ದು. ಮದುವೆಗೆ ಕರೆಯದಿದ್ದರೂ ಬಂದು ಮುಯ್ಯಿ ಮಾಡುತ್ತಾರೆ. ಸಾವಿನ ಮನೆಗೆ ಹಾರ ಹಿಡಿದು ಮೊದಲು ಬರುವವರೂ ಅವರೇ.

ಒಳ್ಳೆಯದೇ ಅಲ್ವಾ, ತಪ್ಪೇನಿದೆ ಅಂತ ನೀವು ಕೇಳಬಹುದು. ತಪ್ಪು ಬರುವುದರಲ್ಲಿ ಇಲ್ಲ. ಯಾಕೆ ಬರುತ್ತಾರೆ ಅನ್ನುವುದರಲ್ಲಿದೆ.

"ಮೊದಲು ಸಂಬಂಧ ಬೆಳೆಸಿ, ವ್ಯಾಪಾರ ತಾನಾಗಿ ಬೆಳೆಯುತ್ತೆ." ಸೈಟು, ಜಮೀನಿನ ಏಜೆಂಟರ ಬಾಯಲ್ಲಿ ಈ ಮಾತು ಈಗ ಮಂತ್ರದ ಹಾಗಾಗಿದೆ. ಮಾತೇನೋ ಸರಿ. ಆದರೆ ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದು ಬೇರೆ. ಇಲ್ಲಿ ಸಂಬಂಧವನ್ನು ಬೆಳೆಸುತ್ತಿಲ್ಲ. ನಮ್ಮ ಅಜ್ಜ, ಅಪ್ಪ ಬೆಳೆಸಿಟ್ಟಿದ್ದ ಸಂಬಂಧವನ್ನು ಸೈಟಿಗಿಷ್ಟು ಅಂತ ಮಾರುತ್ತಿದ್ದಾರೆ.

ನಮ್ಮ ಗುಂಪಿನ ಒಬ್ಬರ ಮನೆಯಲ್ಲೇ ನಡೆದದ್ದು ಹೇಳುತ್ತೇವೆ. ಅವರ ಚಿಕ್ಕಪ್ಪ ಎರಡು ಹಸು ಮಾರಿ, ಉಳಿದದ್ದಕ್ಕೆ ಒಡವೆ ಅಡವಿಟ್ಟು, ತಾಲೂಕು ಕೇಂದ್ರದ ಹತ್ತಿರ 30-40 ಸೈಟು ತೆಗೆದುಕೊಂಡರು. ಕೊಡಿಸಿದವನು ಚಿಕ್ಕಮ್ಮನ ಕಡೆಯ ಹುಡುಗ. ಕಾಗದ ಕೇಳಿದಾಗ ಬಂದ ಉತ್ತರ ಒಂದೇ: "ನಾನಿಲ್ವಾ ಮಾವ?" ಛಾಪಾ ಕಾಗದದ ಮೇಲೆ ಅಗ್ರಿಮೆಂಟ್, ಅದಕ್ಕೊಂದು ನೋಟರಿ ಸೀಲು, ಅಷ್ಟೇ. ಮೂರು ವರ್ಷದ ಮೇಲೆ ಮನೆ ಕಟ್ಟಲು ಹೋದರೆ ಪಂಚಾಯಿತಿಯಲ್ಲಿ ಖಾತೆ ಇಲ್ಲ, ಬ್ಯಾಂಕಿನಲ್ಲಿ ಸಾಲ ಇಲ್ಲ. ಪಹಣಿಯಲ್ಲಿ ಅದು ಇನ್ನೂ ಹೊಲ. ಹುಡುಗನ ಫೋನು ಯಾವಾಗಲೂ ಬಿಜಿ.

ಪೊಲೀಸರಿಗೆ ದೂರು ಕೊಡಿ ಅಂದೆವು. ಚಿಕ್ಕಪ್ಪ ಹೇಳಿದ್ದು: "ಮನೆಯವರ ಮೇಲೆ ಹೆಂಗಪ್ಪಾ ಕೊಡೋದು?"

ಇದೇ ಇದರ ಗುಟ್ಟು. ಸಂಬಂಧ ಮೊದಲು ನಮ್ಮ ಜೇಬು ತೆಗೆಸುತ್ತದೆ, ಆಮೇಲೆ ನಮ್ಮ ಬಾಯಿ ಮುಚ್ಚಿಸುತ್ತದೆ. ಊರಿಗೆ ಗುರುತಿಲ್ಲದ ಕಂಪನಿಗಳು ಊರ ಹುಡುಗರನ್ನೇ ಏಜೆಂಟ್ ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಅವರಿಗೆ ಬೇಕಾದದ್ದು ಹುಡುಗನ ಕೆಲಸ ಅಲ್ಲ, ಅವನ ಮನೆತನದ ಹೆಸರು.

ಮಾರುವವರ ಕಡೆ ಕಥೆ ಇನ್ನೂ ಕೆಟ್ಟದ್ದು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಂದಮೇಲೆ ನಮ್ಮ ಹೊಲದ ಬದುವಿಗೇ ಗಿರಾಕಿ ಬಂದ. ಒಂದು ಲೆಕ್ಕ ಹಾಕೋಣ. ಎಕರೆ ಅಂದರೆ 43,560 ಚದರ ಅಡಿ. ಅರ್ಧದಷ್ಟು ರಸ್ತೆ, ಚರಂಡಿ, ಪಾರ್ಕಿಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದರಲ್ಲಿ 1,200 ಅಡಿಯ 18 ಸೈಟು ಆಗುತ್ತವೆ. ಸೈಟಿಗೆ 5 ಲಕ್ಷ ಅಂದರೂ 90 ಲಕ್ಷ. ಲೇಔಟಿನ ಖರ್ಚು ಕಳೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಎಕರೆಗೆ 30 ಲಕ್ಷ ಕೊಡಿಸಿ "ನಿಮಗೋಸ್ಕರ ಜಗಳ ಆಡಿ ರೇಟ್ ಏರಿಸಿದೆ ದೊಡ್ಡಪ್ಪ" ಅನ್ನುವವನು ಈ ಲೆಕ್ಕವನ್ನು ದೊಡ್ಡಪ್ಪನ ಮುಂದೆ ಯಾವತ್ತಾದರೂ ಬಿಡಿಸಿದ್ದಾನಾ? ಎರಡೂ ಕಡೆಯಿಂದ ಕಮಿಷನ್ ಎಷ್ಟು ಬಂತು ಅಂತ ಹೇಳಿದ್ದಾನಾ?

ಹೆಣ್ಣುಮಕ್ಕಳ ಸಹಿಯ ವಿಷಯವನ್ನೂ ಹೇಳಿಬಿಡುತ್ತೇವೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಇದು ಏಜೆಂಟರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅಣ್ಣತಮ್ಮಂದಿರ ಕಿವಿಯಲ್ಲಿ ಹೇಳುತ್ತಾರೆ: "ಅಕ್ಕನಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಸಹಿ ಹಾಕಿಸಿಬಿಡಿ." ಅಕ್ಕ ಮುಂದೆ ಕೋರ್ಟಿಗೆ ಹೋದರೆ ತವರು ಮುರಿಯಿತು, ಸೈಟು ಕೊಂಡವನೂ ಕೆಟ್ಟ. ಮಾತಿನ ಮಲ್ಲ ಮಾತ್ರ ಕಮಿಷನ್ ಎಣಿಸಿಕೊಂಡು ಮುಂದಿನ ಊರಿಗೆ ಹೋಗಿರುತ್ತಾನೆ.

ಹಾಗಾದರೆ ಈ ವ್ಯಾಪಾರವೇ ಬೇಡವೇ? ನಾವು ಹಾಗೆ ಹೇಳುತ್ತಿಲ್ಲ. ನಮ್ಮ ಜೊತೆ ಓದಿದ ಎಷ್ಟೋ ಹುಡುಗರಿಗೆ ಕೆಲಸ ಸಿಗಲಿಲ್ಲ. ಬೈಕು, ಮೊಬೈಲು, ಊರಿನ ಪರಿಚಯ ಇಟ್ಟುಕೊಂಡು ಅವರು ಈ ದಾರಿ ಹಿಡಿದರು. ಅವರಿಗೇ ಈ ಮಾತು.

ಗೆಳೆಯರೇ, ಕಂಪನಿಗೆ ನೂರು ಊರಿದೆ, ನಿಮಗೆ ಇರುವುದು ಒಂದೇ. ಕೊನೆಯ ಸೈಟು ಮಾರಿದ ದಿನ ಕಂಪನಿ ಬೋರ್ಡು ಕಿತ್ತುಕೊಂಡು ಹೋಗುತ್ತದೆ. ಸಂಜೆ ಅರಳಿಕಟ್ಟೆಯಲ್ಲಿ ಕೂರಬೇಕಾದವರು ನೀವು. ಹಳ್ಳಿಯಲ್ಲಿ ಒಬ್ಬನಿಗೆ ಒಳ್ಳೆಯ ಸೈಟು ಕೊಡಿಸಿದರೆ ಅವನು ಭಾವನನ್ನು ಕರೆತರುತ್ತಾನೆ, ಭಾವ ಷಡ್ಡಕನನ್ನು ಕರೆತರುತ್ತಾನೆ. ಒಬ್ಬನಿಗೆ ಮೋಸವಾದರೆ ಹತ್ತು ಮನೆ ಬಾಗಿಲು ಮುಚ್ಚುತ್ತವೆ. ನಿಯತ್ತು ಬರೀ ಪುಣ್ಯದ ಕೆಲಸ ಅಲ್ಲ, ಹಳ್ಳಿಯಲ್ಲಿ ಅದೇ ಬಂಡವಾಳ.

ನಿಜವಾದ ಸಂಬಂಧ ಬೇಕಾದರೆ ಟೀ ಶರ್ಟ್ ಹಂಚಬೇಡಿ. ಕಾರಿನಲ್ಲಿ ಕೂರಿಸಿಕೊಂಡು ಸೈಟು ತೋರಿಸುವ ಮೊದಲು ಕಾಗದ ತೋರಿಸಿ. ನಿಮ್ಮ ಕಮಿಷನ್ ಎಷ್ಟು, ಯಾರಿಂದ ಅಂತ ಬಾಯಿಬಿಟ್ಟು ಹೇಳಿ. ಮುಖ್ಯವಾಗಿ, ತಕರಾರಿನ ಜಾಗವಾದರೆ "ಇದು ಬೇಡ ಮಾವ" ಅನ್ನಿ. ಆ ಒಂದು ಕಮಿಷನ್ ಹೋಗುತ್ತದೆ. ಆದರೆ ಮಾವ ಆ ಮಾತನ್ನು ಊರಿಗೆಲ್ಲ ಹೇಳುತ್ತಾನೆ. ಅಂಥ ಜಾಹೀರಾತು ಯಾವ ಬ್ಯಾನರಿನಲ್ಲೂ ಸಿಗುವುದಿಲ್ಲ.

ಇನ್ನು ಓದುಗರಾದ ನಿಮಗೆ. ತಪ್ಪಿನಲ್ಲಿ ನಮ್ಮೆಲ್ಲರ ಪಾಲೂ ಇದೆ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಹಾಲು ಕರೆಸಿ ನೋಡುತ್ತೇವೆ. ಸೈಟು ಕೊಳ್ಳುವಾಗ ಮಾತ್ರ ದಾಕ್ಷಿಣ್ಯ. "ಕಾಗದ ಕೇಳಿದರೆ ಏನಂದುಕೊಳ್ಳುತ್ತಾರೋ" ಅನ್ನುವ ಮುಲಾಜು. ಆ ಮುಲಾಜು ಬಿಡಿ. ಕೇಳಬೇಕಾದದ್ದು ಇಷ್ಟು:

ಪಹಣಿ ಕೇಳಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಸಾಲ, ಋಣ ಏನಿದೆ ನೋಡಿ.

ಇ.ಸಿ. ತೆಗೆಸಿ. ಹಿಂದೆ ಯಾರಿಗೆ ಮಾರಿದ್ದಾರೆ, ಎಲ್ಲಿ ಅಡವಿಟ್ಟಿದ್ದಾರೆ ಗೊತ್ತಾಗುತ್ತದೆ.

ಸೈಟಾದರೆ ಭೂಪರಿವರ್ತನೆ ಆದೇಶ, ಅನುಮೋದನೆಯಾದ ಲೇಔಟ್ ನಕ್ಷೆ, ಪಂಚಾಯಿತಿಯ ಇ-ಸ್ವತ್ತು ಕಾಗದ ಕೇಳಿ.

ಜಮೀನು ಮೂಲದಲ್ಲಿ ಸರ್ಕಾರದಿಂದ ಮಂಜೂರಾದದ್ದಾ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಪ್ರಕಾರ ಆ ಮಾರಾಟ ನಿಲ್ಲುವುದಿಲ್ಲ.

ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆಗಿಂತ ದೊಡ್ಡ ಲೇಔಟ್ ಆದರೆ ರೇರಾ ನೋಂದಣಿ ಸಂಖ್ಯೆ ಕೇಳಿ. ಅದನ್ನು ಮಾರುವ ಏಜೆಂಟನೂ ನೋಂದಣಿ ಮಾಡಿಸಿರಬೇಕು. ನೋಂದಾಯಿತ ಕರಾರು ಇಲ್ಲದೆ ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ಪಡೆಯುವ ಹಾಗಿಲ್ಲ.

ಜಿಪಿಎ ಅಥವಾ ಬರೀ ಅಗ್ರಿಮೆಂಟ್ ಹಿಡಿದುಕೊಂಡು ಸೈಟು ನಮ್ಮದಾಯಿತು ಅಂದುಕೊಳ್ಳಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಇಷ್ಟು ಕೇಳಿದರೆ ಸಂಬಂಧ ಕೆಡುತ್ತದೆಯೇ? ಕೇಳಿದ್ದಕ್ಕೆ ಕೆಡುವಂಥದ್ದು ಸಂಬಂಧವೇ ಅಲ್ಲ. ನಿಯತ್ತಿನ ಏಜೆಂಟನಿಗೆ ನಿಮ್ಮ ಪ್ರಶ್ನೆಯಿಂದ ಅನುಕೂಲವೇ. ಕಾಗದ ಸರಿ ಇಟ್ಟುಕೊಂಡವನು ಯಾರು, ಬಾಯಿ ಮಾತಿನವನು ಯಾರು ಅಂತ ಊರಿಗೆ ಗೊತ್ತಾಗುತ್ತದೆ.

ಮುಂದಿನ ಸಲ ಯಾರಾದರೂ "ನಾನಿಲ್ವಾ?" ಅಂದರೆ ನಗುತ್ತಲೇ ಹೇಳಿ: "ನೀನು ಇದ್ದೀಯಪ್ಪ, ಪಹಣಿ ಎಲ್ಲಿ?"