ಚಕ್ರದ ಹಡಗಿನ ಜಾತಕ

ಜರ್ಮನಿಯ ಡ್ರೆಸ್ಡೆನ್‌ನಲ್ಲಿ, ಎಲ್ಬೆ ನದಿಯ ಮೇಲೆ ‘ಡೀಸ್‌ಬಾರ್’ ಎಂಬ ಪ್ಯಾಡಲ್ ಸ್ಟೀಮರ್ ಇದೆ. ಹಡಗು ಕಟ್ಟಿದ್ದು 1884ರಲ್ಲಿ. ಅದರ ಎರಡೂ ಮಗ್ಗುಲ ಚಕ್ರಗಳನ್ನು ತಿರುಗಿಸುವ ಎಂಜಿನ್ ಮಾತ್ರ 1841ರದು, ಲಂಡನ್ ಬಳಿಯ ಗ್ರೀನಿಚ್‌ನಲ್ಲಿ ಜಾನ್ ಪೆನ್ ಕಾರ್ಖಾನೆ ತಯಾರಿಸಿದ್ದು. ಹಳೆಯ ಹಡಗು ಸವೆದರೂ ಎಂಜಿನ್ ಗಟ್ಟಿಯಾಗಿದ್ದರೆ ಅದನ್ನು ಬಿಚ್ಚಿ ಹೊಸದಕ್ಕೆ ಕೂರಿಸುತ್ತಿದ್ದ ಕಾಲವದು. ಇಂಗ್ಲೆಂಡಿನ ಡಾರ್ಟ್ ನದಿಯ ‘ಕಿಂಗ್ಸ್‌ವೇರ್ ಕ್ಯಾಸಲ್’ ಕಥೆಯೂ ಇದೇ: ಒಡಲು 1924ರದು, ಎಂಜಿನ್ 1904ರದು.

ಇಂಗ್ಲೆಂಡಿನದೇ ಇನ್ನೊಂದು ಹಡಗು ‘ಮೆಡ್ವೇ ಕ್ವೀನ್’ನ ಕಥೆ ತುಸು ಬೇರೆ. 1940ರಲ್ಲಿ ಡಂಕರ್ಕ್ ಕಡಲತೀರದಿಂದ ಸುಮಾರು 7,000 ಸೈನಿಕರನ್ನು ಪಾರುಮಾಡಿದ ಈ ಹಡಗು ಮುಂದೆ ತುಕ್ಕು ಹಿಡಿದು ಮುಳುಗುವ ಸ್ಥಿತಿಗೆ ಬಂತು. ಬ್ರಿಸ್ಟಲ್‌ನಲ್ಲಿ ಹಳೆಯ ಪದ್ಧತಿಯಂತೆ ರಿವೆಟ್ ಹೊಡೆದೇ ಹೊಸ ಒಡಲು ಕಟ್ಟಿದರು. 2013ರಲ್ಲಿ ಅದು ತನ್ನ ನೆಲೆಗೆ ಮರಳಿತು. ಎಂಜಿನ್ ಹಳೆಯದೇ.

ಆದ್ದರಿಂದ ಇಂಥ ಹಡಗಿಗೆ ಒಂದೇ ಇಸವಿ ಅಂಟಿಸಿ ‘ಶತಮಾನದ ಹಡಗು’ ಎಂದುಬಿಟ್ಟರೆ ಅರ್ಧ ಸತ್ಯವೇ ಆದೀತು. ಒಡಲು ಎಲ್ಲಿಯದು, ಎಂಜಿನ್ ಯಾರದು, ಬಾಯ್ಲರ್ ಎಂದು ಬದಲಾಯಿತು ಎಂದು ಬೇರೆ ಬೇರೆಯಾಗಿ ಹುಡುಕಬೇಕು. ಸುಳಿವುಗಳು ಹಡಗಿನಲ್ಲೇ ಇರುತ್ತವೆ. ಬ್ರಿಟಿಷ್ ನೋಂದಣಿಯ ಹಡಗಾದರೆ ಮುಖ್ಯ ತೊಲೆಯ ಮೇಲೆ ನೋಂದಣಿ ಸಂಖ್ಯೆ ಕೊರೆದಿರುತ್ತಿತ್ತು. ಒಡೆಯ ಬದಲಾಗಲಿ, ಹೆಸರು ಬದಲಾಗಲಿ, ಆ ಸಂಖ್ಯೆ ಬದಲಾಗುತ್ತಿರಲಿಲ್ಲ. ನವೀಕರಣದ ಹೆಸರಿನಲ್ಲಿ ಅದರ ಮೇಲೆ ಪ್ಲೈವುಡ್ ಹೊಡೆದು ಬಣ್ಣ ಬಳಿದರೆ ಮುಂದೆ ಯಾರಿಗೂ ಕಾಣದು.

ಈ ಮಾತು ನಮಗೂ ತಾಗುತ್ತದೆ. ಢಾಕಾದಿಂದ ದಕ್ಷಿಣದ ನದಿಪಟ್ಟಣಗಳಿಗೆ ದಶಕಗಳ ಕಾಲ ಜನರನ್ನು ಸಾಗಿಸಿದ ‘ಮಹ್ಸೂದ್’ ಮತ್ತು ‘ಆಸ್ಟ್ರಿಚ್’ ಹಡಗುಗಳು ಹುಟ್ಟಿದ್ದು ಕಲ್ಕತ್ತೆಯ ಗಾರ್ಡನ್ ರೀಚ್‌ನ ಕಾರ್ಖಾನೆಯಲ್ಲಿ, 1920ರ ದಶಕದ ಕೊನೆಯಲ್ಲಿ. ಬಾಂಗ್ಲಾದೇಶದ ಜನ ಈ ಸ್ಟೀಮರ್‌ಗಳನ್ನು ‘ರಾಕೆಟ್’ ಎಂದೇ ಕರೆದರು. ಆವಿ ಎಂಜಿನ್ ಹೋಗಿ ಡೀಸೆಲ್ ಬಂತು, ಚಕ್ರಗಳು ಉಳಿದವು. ಇತ್ತ ಕೋಲ್ಕತ್ತಾ ಬಂದರಿನ ‘ಭೋಪಾಲ್’ 1940ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಡೆನ್ನಿ ಕಂಪನಿ ಕಟ್ಟಿದ್ದು. ಡೆನ್ನಿಯವರ ಹಡಗು ನಕ್ಷೆಗಳ ದೊಡ್ಡ ಸಂಗ್ರಹವನ್ನು ಗ್ರೀನಿಚ್‌ನ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ.

ಗಾರ್ಡನ್ ರೀಚ್‌ನ ಆ ಹಳೆಯ ಕಾರ್ಖಾನೆಯೇ ಬೆಳೆದು ಇಂದು ನೌಕಾಪಡೆಗೆ ಯುದ್ಧನೌಕೆ ಕಟ್ಟುವ ಸರ್ಕಾರಿ ಸಂಸ್ಥೆಯಾಗಿದೆ. ತನ್ನಲ್ಲಿ ಉಳಿದಿರುವ ಹಳೆಯ ನಕ್ಷೆ, ದಾಖಲೆ ಪುಸ್ತಕಗಳನ್ನು ಅದು ಸಾರ್ವಜನಿಕರಿಗೆ ತೆರೆದಿಡಲಿ, ಪ್ರತಿಗಳನ್ನು ಢಾಕಾಕ್ಕೂ ಕಳಿಸಲಿ. ಮಹ್ಸೂದ್, ಆಸ್ಟ್ರಿಚ್‌ಗಳ ಮುಂದಿನ ದುರಸ್ತಿಗೆ ಮೊದಲು ಆಗಬೇಕಾದ ಕೆಲಸ ಇದು.