ಅಪ್ಪನ ಗಾಡಿಯ ಕೀ ವಾಪಸ್ ಕೊಡಿ

ಅರವತ್ತೆಂಟರ ಅಪ್ಪ ಬೆಳಿಗ್ಗೆ ಆರಕ್ಕೆ ಸ್ಕೂಟರ್ ತೆಗೆದು ಹಾಲು ತರುತ್ತಾರೆ. ಎಂಟಕ್ಕೆ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು, ಅವಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಶಾಲೆಗೆ ಬಿಟ್ಟು ಬರುತ್ತಾರೆ. ಮಧ್ಯಾಹ್ನ ಬ್ಯಾಂಕು, ಸಂಜೆ ತರಕಾರಿ. ಇದೆಲ್ಲ ಪುಣೆಯ ಟ್ರಾಫಿಕ್ಕಿನಲ್ಲಿ, ಅರ್ಧ ಸಲ ಹೆಲ್ಮೆಟ್ಟೂ ಇಲ್ಲದೆ. ಮನೆಯಲ್ಲಿ ಯಾರೂ ಅವರ ವಯಸ್ಸಿನ ಮಾತೆತ್ತುವುದಿಲ್ಲ. ಅದೇ ಅಪ್ಪ ಒಂದು ಭಾನುವಾರ, ನಾಲ್ಕು ಜನ ಹಳೇ ಗೆಳೆಯರ ಜೊತೆ ಹಳೇ ಹೆದ್ದಾರಿಯಲ್ಲಿ ಲೋನಾವಳದವರೆಗೆ ಬೈಕಿನಲ್ಲಿ ಹೋಗಿ ಚಹಾ ಕುಡಿದು ಬರ್ತೀನಿ ಅನ್ನಲಿ, ನೋಡಿ. ಮಗ ಬೆಂಗಳೂರಿನಿಂದ ಫೋನ್ ಮಾಡುತ್ತಾನೆ, ಮಗಳು ನ್ಯೂಜೆರ್ಸಿಯಿಂದ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಪ್ಪಾ?" ಸಂಜೆಯೊಳಗೆ ಕೀ ಬೀರುವಿನ ಲಾಕರ್ ಸೇರಿರುತ್ತದೆ.

ಹಾಗಾದರೆ ಭಯ ಎರಡು ಗಾಲಿಯದ್ದಲ್ಲ. ಹಾಲು ತರುವಾಗಲೂ ಗಾಲಿ ಎರಡೇ. ತಕರಾರು ಇರುವುದು ಸಂತೋಷದ ಬಗ್ಗೆ. ಯಾರಿಗೂ ಉಪಯೋಗವಿಲ್ಲದ, ಯಾರ ಅಪ್ಪಣೆಯನ್ನೂ ಕೇಳದ, ವಾಪಸ್ ಬರುವ ಹೊತ್ತು ಇಂಥದ್ದೇ ಎಂದು ಹೇಳದ ಸಂತೋಷ. ಮುದುಕರಿಗೆ ಅದು ಮಂಜೂರಾಗಿಲ್ಲ. ಅವರಿಗೆಂದು ಮಂಜೂರಾಗಿರುವುದು ಪಾರ್ಕಿನ ಬೆಂಚು, ನಗೆಕೂಟ, ತೀರ್ಥಯಾತ್ರೆಯ ಬಸ್ಸು. ಬಸ್ಸಿನಲ್ಲಿ ಹದಿನೆಂಟು ತಾಸು ಕಾಲು ಜೋತುಬಿಟ್ಟು ಕೂತು ಪಾದ ಊದಿಸಿಕೊಂಡು ಬಂದರೆ ಅದು ಪುಣ್ಯ.

ಇದೇ ತಕರಾರಿಗೆ ಆಸ್ಟ್ರೇಲಿಯಾದ ಕೆಲವರು 1983ರಲ್ಲೇ ಉತ್ತರ ಕೊಟ್ಟರು. ಸಿಡ್ನಿಯಲ್ಲಿ ಸ್ಟೀಫನ್ ಡರ್ನ್‌ಲಿ ಎಂಬವರ ಮುಂದಾಳತ್ವದಲ್ಲಿ ಯುಲಿಸಿಸ್ ಕ್ಲಬ್ ಶುರುವಾಯಿತು. ನಲವತ್ತು ದಾಟಿದವರಿಗೆ ಮಾತ್ರ ಪ್ರವೇಶ. ನಲವತ್ತರಿಂದ ಐವತ್ತರವರು ಅಲ್ಲಿ ಕಿರಿಯ ಸದಸ್ಯರು. ಐವತ್ತಾದ ಮೇಲೆ ಹಿರಿತನ. ಕಿರಿಯ ಎನಿಸಿಕೊಳ್ಳುವ ಸುಖಕ್ಕೇ ಎಷ್ಟೋ ಜನ ಸೇರಿರಬೇಕು. ಕ್ಲಬ್ಬಿನ ಗುರಿಗಳೂ ಸರಳ: ವಯಸ್ಸಾದ ಸವಾರರು ಪರಸ್ಪರ ಸೇರಬೇಕು, ಆಸರೆಯಾಗಬೇಕು, ಸವಾರಿಗೆ ವಯಸ್ಸಿಲ್ಲ ಎಂದು ನಡೆದು ತೋರಿಸಬೇಕು, ತಮ್ಮ ಅಗತ್ಯಗಳನ್ನು ಸರಕಾರಕ್ಕೂ ಸಂಸ್ಥೆಗಳಿಗೂ ತಿಳಿಸಬೇಕು. ಊರೂರಲ್ಲಿ ಶಾಖೆ, ವಾರಾಂತ್ಯದಲ್ಲಿ ಕಾಫಿಗೆಂದು ಒಂದು ಸುತ್ತು, ವರ್ಷಕ್ಕೊಮ್ಮೆ ಬೇರೆ ಬೇರೆ ಊರಿನಲ್ಲಿ ದೊಡ್ಡ ಜಾತ್ರೆ. ಹಣ ಕೂಡಿಸಿ ಕೊಡುವುದು ಸಂಧಿವಾತದ ಸಂಶೋಧನೆಗೆ. ಸ್ವಂತ ಮೊಣಕಾಲನ್ನು ಬಲ್ಲವರ ದಾನ ಅದು.

ಅವರ ಧ್ಯೇಯವಾಕ್ಯವನ್ನು ಕನ್ನಡಕ್ಕೆ ತರುವುದು ಸ್ವಲ್ಪ ಕಷ್ಟ. 'ಮಾನಗೆಟ್ಟು' ಅಂದರೆ ಬೈಗುಳವಾಗುತ್ತದೆ, 'ಲಂಗುಲಗಾಮಿಲ್ಲದೆ' ಅಂದರೆ ಕುದುರೆಯ ನೆನಪಾಗುತ್ತದೆ. 'ಮರ್ಯಾದೆ ಬಿಟ್ಟು ಮುದುಕರಾಗಿ' ಅನ್ನುವುದೇ ಹತ್ತಿರ. ಸಂಸ್ಕೃತದಿಂದ ಬಂದ ಮರ್ಯಾದೆ ಅನ್ನುವ ಮಾತಿಗೆ ಗಡಿ, ಎಲ್ಲೆ ಅನ್ನುವ ಅರ್ಥವಿದೆ. ಗೌರವ ಅನ್ನುವ ಅರ್ಥ ಕನ್ನಡದಲ್ಲಿ ಬೆಳೆದು ದೊಡ್ಡದಾಯಿತು. ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ಎಷ್ಟೋ ಮನೆಗಳಲ್ಲಿ ಅವರ ಸುತ್ತ ಗಡಿ ಹಾಕುವುದು. ಗೌರವದ ಹೆಸರಿನಲ್ಲಿ ಗೇಟಿಗೆ ಬೀಗ.

ಗಾದೆಗಳೂ ಮಕ್ಕಳ ಪಕ್ಷವೇ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಹೇಳುವವರು, ಅಪ್ಪ ನಿಜಕ್ಕೂ ಆಗುಂಬೆಯ ಕಾಡಿಗೆ ಹೊರಟರೆ ತಡೆಯುತ್ತಾರೆ. ಅರವತ್ತಕ್ಕೆ ಅರಳುಮರಳು ಅನ್ನುವುದು ಇನ್ನೊಂದು. ಬೇಂದ್ರೆ ಅರವತ್ತರ ಅಂಚಿನಲ್ಲಿ ಆ ಮೂದಲಿಕೆಯನ್ನೇ ಎತ್ತಿಕೊಂಡು ತಮ್ಮ ಸಂಕಲನಕ್ಕೆ 'ಅರಳು ಮರಳು' ಎಂದು ಹೆಸರಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಿಡ್ನಿಯವರು ಮಾಡಿದ್ದನ್ನು ಧಾರವಾಡ ಕಾಲು ಶತಮಾನ ಮೊದಲೇ ಮಾಡಿತ್ತು, ಬೈಕ್ ಇಲ್ಲದೆ.

ಕ್ಲಬ್ಬಿನ ಹೆಸರು ಮಾತ್ರ ಅಷ್ಟು ಚೆನ್ನಾಗಿಲ್ಲ. ಅದು ಟೆನಿಸನ್ನನ ಕವಿತೆಯಿಂದ ಬಂದದ್ದು, ಮುದಿ ರಾಜ ಮತ್ತೆ ಸಮುದ್ರಕ್ಕೆ ಹೊರಡಲು ಹಂಬಲಿಸುವ ಕವಿತೆ. 1833ರಲ್ಲಿ ಅದನ್ನು ಬರೆದಾಗ ಟೆನಿಸನ್ನನಿಗೆ ಇಪ್ಪತ್ತನಾಲ್ಕು. ಮುಪ್ಪು ಅಂದರೆ ಒಂದೋ ಕರುಣೆ, ಇಲ್ಲವೇ ವೀರಗಾಥೆ ಎಂದು ಇಪ್ಪತ್ತನಾಲ್ಕಕ್ಕೆ ಅನ್ನಿಸುತ್ತದೆ. ಎಪ್ಪತ್ತರ ಸವಾರನಿಗೆ ಸಮುದ್ರ ಬೇಡ. ಮೂವತ್ತು ಕಿಲೋಮೀಟರಿಗೊಮ್ಮೆ ಮೂತ್ರಕ್ಕೆ ನಿಲ್ಲಿಸಿದರೆ ಗೊಣಗದ ಗೆಳೆಯರು ಬೇಕು.

ಇನ್ನು ಅಪಘಾತದ ಮಾತು. ಅದು ಸುಳ್ಳಲ್ಲ. ಆಸ್ಟ್ರೇಲಿಯಾದಲ್ಲಿ ಬೈಕ್ ಅಪಘಾತದಲ್ಲಿ ಸಾಯುವವರಲ್ಲಿ ನಡುವಯಸ್ಸು ದಾಟಿದವರ ಪಾಲು ದಶಕಗಳಲ್ಲಿ ಏರಿದೆ. ಯೌವನದಲ್ಲಿ ಬೈಕ್ ಬಿಟ್ಟು, ಮಕ್ಕಳು ದೊಡ್ಡವರಾದ ಮೇಲೆ ಕೈಯಲ್ಲಿ ಕಾಸಾಡಿ, ಒಮ್ಮೆಲೇ ಭಾರೀ ಗಾಡಿ ಹತ್ತುವವರು ಅಲ್ಲಿ ಬಹಳ. ಕಣ್ಣು ಮಂದ, ಪ್ರತಿಕ್ರಿಯೆ ನಿಧಾನ, ಮುರಿದ ಎಲುಬು ಬೇಗ ಕೂಡುವುದಿಲ್ಲ. ಒಪ್ಪೋಣ. ಆದರೆ ಈ ವಾದ ಕ್ಲಬ್ಬಿನ ವಿರುದ್ಧ ಹೋಗುವುದಿಲ್ಲ, ಅದರ ಪರವಾಗಿ ಬರುತ್ತದೆ. ಗುಂಪುಸವಾರಿಯ ಸಾಮಾನ್ಯ ಪದ್ಧತಿಯಲ್ಲಿ ಮುಂದಾಳು ಒಬ್ಬ, ತಿರುವಿನಲ್ಲಿ ದಾರಿ ತೋರಲು ನಿಲ್ಲುವವನೊಬ್ಬ, ಯಾರನ್ನೂ ಹಿಂದೆ ಬಿಡದೆ ಕೊನೆಯಲ್ಲಿ ಬರುವವನೊಬ್ಬ. ಹಾಗೆ ಹಿಂದೆ ಬರುವವನಿಗೆ ಮಗನಿಗಿಂತ ಮೊದಲೇ ಗೊತ್ತಾಗುತ್ತದೆ: ಇವರು ಈಚೆಗೆ ತಿರುವಿನಲ್ಲಿ ಅಗಲವಾಗಿ ಹೋಗುತ್ತಿದ್ದಾರೆ, ಇಂಡಿಕೇಟರ್ ಆರಿಸಲು ಮರೆಯುತ್ತಿದ್ದಾರೆ. ಚಹಾದ ಹೊತ್ತಿಗೆ ಅವನು "ಭಾರದ ಗಾಡಿ ಮಾರಿ, ಹಗುರದ್ದು ತಗೋಳ್ರಿ" ಅಂದರೆ ಅಪ್ಪ ಕೇಳುತ್ತಾರೆ. ಮಗ ಹೇಳಿದರೆ ಅದು ಜಗಳ. ಒಂಟಿಯಾಗಿ ಹಾಲಿಗೆ ಹೋಗುವ ಮುದುಕನ ಹಿಂದೆ ಹಾಗೆ ನೋಡುವವರು ಯಾರಿದ್ದಾರೆ?

ಕಾನೂನಾದರೂ ಮಕ್ಕಳಿಗಿಂತ ಉದಾರಿ. 2019ರ ತಿದ್ದುಪಡಿಯ ಪ್ರಕಾರ ಐವತ್ತೈದು ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ವೈದ್ಯರ ಪ್ರಮಾಣಪತ್ರ. ಇಷ್ಟೇ ವಯಸ್ಸಿಗೆ ಸಾಕು ಅನ್ನುವ ಗೆರೆ ಎಲ್ಲೂ ಇಲ್ಲ. (ದೆಹಲಿಯ ಕಷ್ಟ ಬೇರೆ. ಅಲ್ಲಿ ಎಣಿಸಿದ್ದು ಗಾಡಿಯ ವಯಸ್ಸು: ಹದಿನೈದು ದಾಟಿದ ಪೆಟ್ರೋಲ್ ಗಾಡಿ ರಸ್ತೆಗಿಳಿಯಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.) ವೈದ್ಯರು ಕಣ್ಣು, ಕಿವಿ ನಿಜವಾಗಿ ನೋಡಿ ಸಹಿ ಹಾಕಲಿ ಎಂದು ಮಕ್ಕಳು ಹಟ ಹಿಡಿದರೆ ಅದು ನ್ಯಾಯ. ದಲ್ಲಾಳಿಯ ಕೈಲಿ ಸಹಿ ತರಿಸಿ ಆಮೇಲೆ ಕೀ ಬಚ್ಚಿಡುವುದು ನ್ಯಾಯವಲ್ಲ.

ಕ್ಲಬ್ಬುಗಳಿಗೂ ಹೇಳುವುದಿದೆ. ಅದೇ 1983ರಲ್ಲಿ ಅಮೆರಿಕದಲ್ಲಿ ಹಾರ್ಲೆ ಕಂಪನಿ ತನ್ನ ಗಿರಾಕಿಗಳ ಕೂಟ ಶುರುಮಾಡಿತು. ಅಲ್ಲಿ ಗಾಡಿಯೇ ಗುರುತು. ಯುಲಿಸಿಸ್‌ನಲ್ಲಿ ವಯಸ್ಸು ಗುರುತು, ಯಾವ ಕಂಪನಿಯ ಗಾಡಿಯಾದರೂ ಸರಿ. ಈ ದೇಶದ ನಗರಗಳಲ್ಲಿ ಹುಟ್ಟಿದ ಎಷ್ಟೋ ಕೂಟಗಳು ಮೊದಲನೆಯ ದಾರಿ ಹಿಡಿದವು. ಹತ್ತು ಲಕ್ಷದ ಬೈಕು, ಐವತ್ತು ಸಾವಿರದ ಜಾಕೆಟ್ಟು, ಹೆಂಡತಿ ಹಿಂದಿನ ಸೀಟಿನಲ್ಲಿ. ಮೂವತ್ತು ವರ್ಷ ಲೂನಾ, ಕೈನೆಟಿಕ್ ಓಡಿಸಿ ನೌಕರಿ ಮಾಡಿದ ಟೀಚರಮ್ಮನಿಗೆ ಅಲ್ಲಿ ಜಾಗವೆಲ್ಲಿ? ಅವರಷ್ಟು ಕಿಲೋಮೀಟರು ಆ ಜಾಕೆಟ್ಟಿನವರು ಓಡಿಸಿರಲಾರರು.

ಮೈಸೂರಿನ ದಾರಿ ಇದಕ್ಕಿಂತ ಮೇಲು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿತು. ಹೊಸ ಗಾಡಿ ಕೊಳ್ಳಿ ಎಂದು ಹುರಿದುಂಬಿಸುವ ಕಂಪನಿ ಎರಡು ದಶಕ ಇರಲೇ ಇಲ್ಲ. ಆದರೂ ಜುಲೈ ಎರಡನೇ ಭಾನುವಾರ ಹಳೇ ಜಾವಾ, ಯೆಜ್ದಿಗಳು ನೀಲಿ ಹೊಗೆ ಬಿಡುತ್ತ ಒಂದೆಡೆ ಸೇರುತ್ತಲೇ ಬಂದವು. ಆ ಗಾಡಿಯಲ್ಲಿ ಕಿಕ್ಕೂ ಗೇರೂ ಒಂದೇ ಸರಳು: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್, ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್. ಅದನ್ನು ತುಳಿಯಲು ಮೊಣಕಾಲು ಒಪ್ಪದ ಬೆಳಗು ಒಂದು ದಿನ ಬರುತ್ತದೆ, ಅದು ಅಪ್ಪನಿಗೇ ಮೊದಲು ತಿಳಿಯುತ್ತದೆ. ಅಲ್ಲಿಯವರೆಗೆ ಕೀ ಬಾಗಿಲ ಪಕ್ಕದ ಮೊಳೆಯ ಮೇಲೇ ಇರಲಿ.