ಆಟದ ಮಣೆಯೂ ಪಾಠದ ಪುಸ್ತಕವೇ



ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಂದೆಯವರು ಎದ್ದು ನಿಂತು ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗ ಮನೆಗೆ ಬಂದವನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಹುಣಸೆ ಬೀಜ ಹಾಕಿಕೊಂಡು ಕೂರುತ್ತಾನೆ. ಕೇಳಿದರೆ ವಿಯೆಟ್ನಾಂ ಪಾಠ ಅನ್ನುತ್ತಾನೆ. ಕನ್ನಡ ಶಾಲೆಗೆ ಹಾಕಿದ್ದೀವಿ ಅಂತ ನೆಂಟರು ಮೊದಲೇ ಆಡಿಕೊಳ್ಳುತ್ತಾರೆ. ಇಂಗ್ಲಿಷು, ಲೆಕ್ಕ ಬಿಟ್ಟು ಇದೇನು?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ನ್ಯಾಯವಾದದ್ದು. ಸಭೆಯಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕಲ್ಯಾಣದುರ್ಗದ ಕಡೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಷ್ಯಾ ಖಂಡದ ಪಾಠವನ್ನು ನಾನು ಟಿಪ್ಪಣಿ ಬರೆಸಿಯೇ ಮುಗಿಸುತ್ತಿದ್ದೆ. ವಿಯೆಟ್ನಾಂ, ರಾಜಧಾನಿ ಹನೋಯ್, ಮುಖ್ಯ ಬೆಳೆ ಭತ್ತ, 1975ರಲ್ಲಿ ಯುದ್ಧ ಮುಕ್ತಾಯ. ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆದರು, ಬೇಸಿಗೆ ರಜೆಗೆ ಮೊದಲೇ ಮರೆತರು. ಆ ದೇಶದಲ್ಲಿ ತಮ್ಮಂತಹ ಮಕ್ಕಳಿದ್ದಾರೆ, ಅವರೂ ಆಡುತ್ತಾರೆ, ಹಾಡುತ್ತಾರೆ ಎಂಬುದು ಒಬ್ಬರ ಮನಸ್ಸಿಗೂ ಬರಲಿಲ್ಲ.

ಬಿ.ಎಡ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಸೂತ್ರವೇ "ತಿಳಿದುದರಿಂದ ತಿಳಿಯದುದರ ಕಡೆಗೆ" ಎಂಬುದು. ಈಗ ಹಿಂದೂಪುರದ ಕಡೆ ಪಾಠ ಮಾಡುತ್ತಿರುವ ನಾನು ಈ ವರ್ಷ ಆ ಸೂತ್ರವನ್ನು ನಿಜವಾಗಿ ಪ್ರಯೋಗಿಸಿ ನೋಡಿದೆ. ವಿಯೆಟ್ನಾಮಿನ ಮಕ್ಕಳಿಗೆ "ಓ ಅನ್ ಕ್ವಾನ್" ಎಂಬ ಆಟವಿದೆ. ನೆಲದ ಮೇಲೆ ಹತ್ತು ಚೌಕ, ಎರಡು ತುದಿಗೆ ಎರಡು ಅರ್ಧವೃತ್ತ. ಪ್ರತಿ ಚೌಕದಲ್ಲಿ ಐದು ಸಣ್ಣ ಕಲ್ಲು, ಅವು ಪ್ರಜೆಗಳು. ತುದಿಯಲ್ಲಿ ಒಂದೊಂದು ದೊಡ್ಡ ಕಲ್ಲು, ಅದು ಅಧಿಕಾರಿ. ಒಂದು ಮನೆಯ ಕಲ್ಲುಗಳನ್ನೆಲ್ಲ ಎತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗಬೇಕು. ಬರಿದಾದ ಮನೆಯ ಆಚೆ ಇರುವುದು ಗೆದ್ದವನ ಪಾಲು.

ಇದನ್ನು ಓದುತ್ತಲೇ ನಿಮ್ಮಲ್ಲಿ ಹಲವರಿಗೆ ನೆನಪಾಗಿರಬೇಕು. ಇದು ನಮ್ಮ ಅಳಿಗುಳಿ ಮಣೆಯ ದಾಯಾದಿಯೇ. ನಮ್ಮದರಲ್ಲಿ ಆ ಕಡೆ ಏಳು, ಈ ಕಡೆ ಏಳು, ಒಟ್ಟು ಹದಿನಾಲ್ಕು ಗುಳಿ. ಕಲ್ಲಿನ ಬದಲು ಹುಣಸೆ ಬೀಜ. ತೆಲುಗರ ಮನೆಯಲ್ಲಿ ಇದೇ ವಾಮನಗುಂಟಲು, ತಮಿಳರಲ್ಲಿ ಪಲ್ಲಾಂಗುಳಿ, ತುಳುನಾಡಿನಲ್ಲಿ ಚೆನ್ನೆಮಣೆ. ಮಕ್ಕಳಿಗೆ ತಿಳಿದದ್ದರಿಂದಲೇ ಆರಂಭಿಸೋಣವೆಂದು ತರಗತಿಯಲ್ಲಿ ಕೇಳಿದೆ: "ಅಳಿಗುಳಿ ಮಣೆ ಯಾರು ಯಾರು ಆಡಿದ್ದೀರಿ?" ಮೂರೇ ಮೂರು ಕೈಗಳು ಮೇಲೆದ್ದವು.

ಅಂದು ನನಗೆ ಆದ ಗಾಬರಿಯನ್ನು ಹೇಗೆ ಹೇಳಲಿ? ವಿಯೆಟ್ನಾಂ ಮಕ್ಕಳಿಗೆ ತಿಳಿಯದೆಂದು ನನಗೆ ಗೊತ್ತಿತ್ತು. ಅಳಿಗುಳಿ ಮಣೆಯೂ ತಿಳಿಯದೆಂದು ಗೊತ್ತಿರಲಿಲ್ಲ. ಹುಣಸೆ ವ್ಯಾಪಾರಕ್ಕೆ ಹೆಸರಾದ ಊರು ಹಿಂದೂಪುರ. ಬೀಜಕ್ಕೆ ಇಲ್ಲಿ ಬರವಿಲ್ಲ, ಆಡುವವರಿಗೆ ಬರ ಬಂದಿದೆ.

ಕೈ ಎತ್ತಿದ ಮೂವರಲ್ಲಿ ಒಬ್ಬಳ ಅಜ್ಜಿಯನ್ನು ಶಾಲೆಗೆ ಕರೆಸಿದೆ. ಓದು ಬರಹ ಬಾರದ ಆ ತಾಯಿ ಶಾಲೆಯ ಹೊಸಿಲು ದಾಟಲು ನಾಚಿಕೊಂಡರು. ಮಣೆಯ ಮುಂದೆ ಕುಳಿತ ಮೇಲೆ ಅವರೇ ಮೇಷ್ಟ್ರು, ನಾನು ವಿದ್ಯಾರ್ಥಿ. ಯಾವ ಗುಳಿಯಿಂದ ಎತ್ತಿದರೆ ಬೀಜ ಎಲ್ಲಿ ಮುಗಿಯುತ್ತದೆಂದು ಬೆರಳು ಮಡಿಸದೆ ಹೇಳುತ್ತಿದ್ದರು. ಮಗ್ಗಿಗೆ ತಡವರಿಸುವ ಹುಡುಗರು ಮೂರನೆಯ ದಿನಕ್ಕೆ ಅದೇ ಲೆಕ್ಕವನ್ನು ಮನಸ್ಸಿನಲ್ಲೇ ಹಾಕತೊಡಗಿದರು. ಆಮೇಲೆ ವಿಯೆಟ್ನಾಮಿನ ಆಟ ಹೇಳಿಕೊಡಲು ಹತ್ತು ನಿಮಿಷ ಸಾಕಾಯಿತು. "ಸಾರ್, ಅವರ ಅಜ್ಜಿಯರೂ ಹೀಗೇ ಕಲಿಸುತ್ತಾರಾ?" ಎಂದು ಒಬ್ಬಳು ಕೇಳಿದಳು. ನನ್ನ ಟಿಪ್ಪಣಿಗಳಿಂದ ಇಷ್ಟು ವರ್ಷದಲ್ಲಿ ಅಂಥ ಒಂದು ಪ್ರಶ್ನೆಯೂ ಹುಟ್ಟಿರಲಿಲ್ಲ.

ಕಲೆಯಲ್ಲಿಯೂ ಹೀಗೆಯೇ. ವಿಯೆಟ್ನಾಮಿನ ಕೆಂಪು ನದಿಯ ಬಯಲಿನಲ್ಲಿ ನೀರಿನ ಮೇಲೆ ಮರದ ಗೊಂಬೆಗಳನ್ನು ಆಡಿಸುತ್ತಾರೆ. ಆಡಿಸುವವರು ತೆರೆಯ ಹಿಂದೆ ಸೊಂಟಮಟ್ಟ ನೀರಿನಲ್ಲಿ ನಿಂತಿರುತ್ತಾರೆ. ನಮ್ಮಲ್ಲಿ ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲು ಗೊಂಬೆ ಮಾಡುವವರಿದ್ದಾರೆ. ಆ ಊರಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಎರಡೂ ಚಿತ್ರಗಳನ್ನು ತೋರಿಸಿ, "ಅವರದು ನೀರಿನಲ್ಲಿ, ನಮ್ಮದು ದೀಪದ ಬೆಳಕಿನಲ್ಲಿ, ಏಕೆ?" ಎಂದೆ. "ಅವರಿಗೆ ಗದ್ದೆ ತುಂಬ ನೀರು, ನಮಗೆ ಮಳೆಯೇ ಇಲ್ಲವಲ್ಲ ಸಾರ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು. ಸಂಗೀತಕ್ಕೆ ಬಂದರೆ ಅವರ "ದಾನ್ ಬಾವ್" ಒಂದೇ ತಂತಿಯ ವಾದ್ಯ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಸೋರೆಬುರುಡೆ ಕೂಡಿಸುತ್ತಿದ್ದರು. ತತ್ವಪದ ಹಾಡುವವರ ಏಕತಾರಿಗೂ ಒಂದೇ ತಂತಿ, ಅದೇ ಬುರುಡೆ. ನಮ್ಮದು ಶ್ರುತಿ ಹಿಡಿಯುತ್ತದೆ, ಅವರದು ರಾಗವನ್ನೇ ನುಡಿಸುತ್ತದೆ.

ಇನ್ನು ನಮ್ಮ ಹಕ್ಕಿನ ಮಾತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರಲ್ಲಿ ಸೇರಿದ್ದು. ಅದಕ್ಕೂ ಮೊದಲು 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ, ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತ್ತು. ಇವುಗಳಿಗಾಗಿ ಅರ್ಜಿ ಬರೆಯುತ್ತೇವೆ, ಮುಂದೆಯೂ ಬರೆಯೋಣ. ಆದರೆ 29ನೆಯ ವಿಧಿಯನ್ನು ಒಮ್ಮೆ ಗಮನಿಸಿ. ಅಲ್ಲಿ ಉಳಿಸಿಕೊಳ್ಳುವ ಹಕ್ಕಿರುವುದು ಮೂರಕ್ಕೆ: ಭಾಷೆ, ಲಿಪಿ, ಸಂಸ್ಕೃತಿ. ಭಾಷೆ, ಲಿಪಿಗಳನ್ನು ಶಾಲೆ ಹೇಗೋ ಕಾಯುತ್ತಿದೆ. ಮೂರನೆಯದನ್ನು ಸರ್ಕಾರ ಪುಸ್ತಕದಲ್ಲಿ ಅಚ್ಚು ಹಾಕಿ ಕಳಿಸಲಾರದು. ಅದು ನಿಮ್ಮ ಮನೆಯ ಅಟ್ಟದ ಮೇಲಿದೆ, ನಿಮ್ಮ ತಾಯಂದಿರ ನಾಲಗೆಯ ಮೇಲಿದೆ.

ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿ ಕಲಿಯಲಿ. ತೆಲುಗು ನಾವು ಬದುಕುವ ನೆಲದ ಭಾಷೆ, ಅದೂ ಚೆನ್ನಾಗಿ ಬರಲಿ. ನಾನು ಕೇಳುವುದು ವಾರಕ್ಕೆ ಒಂದು ಪೀರಿಯಡ್ ಮಾತ್ರ. ತನ್ನದೊಂದು ಇರುವ ಮಗು ಬೇರೆಯವರದನ್ನು ಗೌರವದಿಂದ ನೋಡುತ್ತದೆ. ತನ್ನದೇನೂ ಇಲ್ಲವೆಂದುಕೊಂಡ ಮಗು ನೆಂಟರ ಮುಂದೆ ತಲೆ ತಗ್ಗಿಸುತ್ತದೆ. ನಿಮ್ಮ ಹುಡುಗ ಯಾವ ಶಾಲೆಗೆ ಹೋಗುತ್ತಾನೆಂದು ಯಾರಾದರೂ ಆಡಿಕೊಂಡಾಗ ಅವನು ತಲೆ ಎತ್ತಿ ನಿಲ್ಲಬೇಕೆಂಬುದೇ ನಿಮ್ಮ ಆಸೆಯೂ ಅಲ್ಲವೇ?

ಆದ್ದರಿಂದ ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೇ. ಅಟ್ಟದ ಮೇಲಿನ ಮಣೆಯನ್ನು ಗುಜರಿಗೆ ಹಾಕಬೇಡಿ. ಮನೆಯಲ್ಲಿ ಹಾಡು, ಆಟ, ರಂಗೋಲಿ ಬಲ್ಲ ಹಿರಿಯರಿದ್ದರೆ ತಿಂಗಳಿಗೆ ಒಂದು ದಿನ ಶಾಲೆಗೆ ಕಳಿಸಿ, ನಿಮ್ಮ ಮಕ್ಕಳ ಮೇಷ್ಟ್ರುಗಳನ್ನೂ ಈ ಬಗ್ಗೆ ಕೇಳಿ. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಂದೆಯವರಲ್ಲಿ ಇನ್ನೊಂದು ಮಾತು: ಇವತ್ತು ಸಂಜೆ ಹುಡುಗ ನೆಲದ ಮೇಲೆ ಮನೆ ಬರೆದಾಗ ದಯವಿಟ್ಟು ಎದುರಿಗೆ ಕುಳಿತುಕೊಳ್ಳಿ. ಆ ಆಟಕ್ಕೆ ಇಬ್ಬರು ಬೇಕು.